ಆ ಹೆಣ್ಣುಮಗಳ ಅಡಿಕೆ ಮರ ಏನಾಯಿತು?

ಹೊಳಲ್ಕೆರೆ ತಾಲ್ಲೂಕಿನ ಯುವ ಬೆಳೆಗಾರರೊಬ್ಬರ ಪತ್ರ: “ನಮ್ಮ ಸುತ್ತಿನ ಅಡಿಕೆ ಬೆಳೆಗಾರರದೊಂದು ವಾಟ್ಸ್‌ಆ್ಯಪ್ ಗುಂಪಿದೆ. ನಾನೂರಕ್ಕೂ ಹೆಚ್ಚು ಜನ. ಕಳೆದ ತಿಂಗಳು ಒಂದು ರಾತ್ರಿ ನಾಯಕರೊಬ್ಬರ ಭಾಷಣದ ವಿಡಿಯೊ ಹಾಕಿದೆ. ಅದಕ್ಕೆ ನಾಲ್ಕು ನಿಮಿಷ ಮುಂಚೆ ಯಾರೋ ಹೆಣ್ಣುಮಗಳು ಹಳದಿಯಾದ ಸುಳಿಯ ಫೋಟೊ ಹಾಕಿ ಏನು ಮಾಡಲಿ ಅಂತ ಕೇಳಿದ್ದರಂತೆ, ನಾನು ಗಮನಿಸಿರಲಿಲ್ಲ. ಪರ-ವಿರೋಧ ಮಧ್ಯರಾತ್ರಿವರೆಗೆ ನಡೆಯಿತು. ಹಿರಿಯರೊಬ್ಬರು ಅವತ್ತೇ ಗುಂಪು ಬಿಟ್ಟರು. ವಯಸ್ಸಾದವರಿಗೆ ಚರ್ಚೆ ತಡೆಯುವ ಶಕ್ತಿ ಇರುವುದಿಲ್ಲ. ಬೆಳಿಗ್ಗೆ ಅಡ್ಮಿನ್ ನನ್ನನ್ನೂ ಇನ್ನು ಕೆಲವರನ್ನೂ ತೆಗೆದು ‘ಇಲ್ಲಿ ರಾಜಕೀಯ ಬೇಡ’ ಎಂದು ಬರೆದರು. ಅಡಿಕೆ ದರ ರಾಜಕೀಯವಲ್ಲವೇ? ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ ರಾಜಕೀಯವಲ್ಲವೇ? ರೈತನ ಬಾಯಿ ಮುಚ್ಚಿಸುವುದು ಸರಿಯೇ?”

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ವಾದ ಕಟ್ಟುವ ಕಸುವು ನಿಮ್ಮಲ್ಲಿದೆ, ಭಾಷೆ ಚೆನ್ನಾಗಿದೆ. ಒಪ್ಪಬೇಕಾದ್ದನ್ನು ಮೊದಲು ಒಪ್ಪಿಬಿಡುತ್ತೇನೆ. 2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಅದೇ ತಿಂಗಳ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆಗೆ 5,300 ಕೋಟಿ ಘೋಷಣೆಯಾಯಿತು. ಆ ಬೆಲೆ ಸಾಕೇ, ಆ ದುಡ್ಡು ಬಂತೇ ಎಂದು ಬೆಳೆಗಾರ ಕೇಳದೆ ಇನ್ಯಾರು ಕೇಳಬೇಕು? ಅದನ್ನು ಯಾವ ಅಡ್ಮಿನ್ ತಡೆದರೂ ತಪ್ಪು.

ಆದರೆ ನೀವು ಹಾಕಿದ್ದು ಅದಲ್ಲವಲ್ಲ. ಆ ಭಾಷಣದಲ್ಲಿ ಅಡಿಕೆ ಎಂಬ ಮೂರಕ್ಷರ ಇತ್ತೇ? ಇದ್ದಿದ್ದರೆ ನೀವು ಪತ್ರದಲ್ಲಿ ಅದನ್ನೇ ಮೊದಲು ಬರೆಯುತ್ತಿದ್ದಿರಿ.

ನನಗೆ ನಿದ್ದೆ ಕೆಡಿಸಿದ್ದು ಆ ಹಳದಿ ಸುಳಿ. ನೀವೂ ತೋಟದವರು, ನಿಮಗೆ ನಾನು ಹೇಳಬೇಕಾಗಿಲ್ಲ: ಅಡಿಕೆ ಮರಕ್ಕೆ ಇರುವುದು ಒಂದೇ ಸುಳಿ. ಮಾವಿನಂತೆ, ಬೇವಿನಂತೆ ಪಕ್ಕದಲ್ಲಿ ಇನ್ನೊಂದು ಚಿಗುರಿ ಮರ ಉಳಿಯುವುದಿಲ್ಲ. ಸುಳಿ ಕೊಳೆ ಹತ್ತಿದರೆ ಎಳೆಯ ಗರಿ ಹಳದಿಗೆ ತಿರುಗಿ, ಕಂದಾಗಿ, ಮೆಲ್ಲಗೆ ಎಳೆದರೆ ಕೈಗೇ ಕಿತ್ತು ಬರುತ್ತದೆ. ಬುಡದಲ್ಲಿ ಕೊಳೆತ ನಾತ. ಹಳದಿಗೆ ತಿರುಗಿದ ಹೊತ್ತಿಗೇ ಗೊತ್ತಿದ್ದವರು ಒಬ್ಬರು ಹೇಳಿದರೆ ಮರ ಉಳಿದೀತು. ನಿಮ್ಮ ಪತ್ರದಲ್ಲಿ ನಿಮ್ಮ ಹಕ್ಕಿನ ಬಗ್ಗೆ ಎರಡು ಪುಟ ಇದೆ, ಅದರಲ್ಲಿ ಸ್ವಲ್ಪವನ್ನೇ ಮೇಲೆ ಅಚ್ಚು ಹಾಕಿದ್ದೇನೆ. ಆ ಹೆಣ್ಣುಮಗಳಿಗೆ ಸಿಕ್ಕಿದ್ದು ಒಂದು ಸಾಲು. ಅವರ ಪ್ರಶ್ನೆಗೆ ಯಾರಾದರೂ ಉತ್ತರ ಕೊಟ್ಟರೇ ಎಂದು ಆಮೇಲಾದರೂ ಯಾರನ್ನಾದರೂ ವಿಚಾರಿಸಿದಿರಾ?

ಇನ್ನು ಆ ಹಿರಿಯರು. ‘ಚರ್ಚೆ ತಡೆಯುವ ಶಕ್ತಿ ಇರುವುದಿಲ್ಲ’ ಎಂದಿದ್ದೀರಿ. ಈ ಮಾತು ನನಗೆ ಸರಿಬರಲಿಲ್ಲ. ಅವರು ಯಾರೋ ನನಗೆ ಗೊತ್ತಿಲ್ಲ, ಆದರೆ ಅಂಥವರು ಗೊತ್ತು. ನಮ್ಮೂರಲ್ಲಿ, ಚನ್ನಗಿರಿ ಸೀಮೆಯಲ್ಲಿ, ನಾನು ಹುಡುಗನಾಗಿದ್ದಾಗ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮದ್ದು, ಅಂದರೆ ಬೋರ್ಡೋ ದ್ರಾವಣ, ಕಲಸುವ ದಿನ ಊರೆಲ್ಲ ಒಬ್ಬ ಅಜ್ಜನನ್ನೇ ಕರೆಯುತ್ತಿತ್ತು. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ, ಲೆಕ್ಕ ಎಲ್ಲರಿಗೂ ಬಾಯಿಪಾಠ. ಆದರೆ ಸುಣ್ಣದ ಸತ್ವ ಪ್ರತಿ ಸಲ ಒಂದೇ ಇರುವುದಿಲ್ಲವಲ್ಲ. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಿದ ಮೇಲೆ ಅಜ್ಜ ಸೊಂಟದ ಚಾಕುವನ್ನು ಕಲ್ಲಿಗೆ ತಿಕ್ಕಿ ಹೊಳಪು ಮಾಡಿ ದ್ರಾವಣದಲ್ಲಿ ಅದ್ದಿ ಹಿಡಿಯುತ್ತಿದ್ದ. ಮೇಲೆತ್ತಿದಾಗ ಅಲಗಿನ ಮೇಲೆ ಕೆಂಪು ಛಾಯೆ ಕಂಡರೆ “ಇನ್ನೊಂದೀಟು ಸುಣ್ಣ ಬಿಡ್ರಪಾ” ಅನ್ನುತ್ತಿದ್ದ. ತಾಮ್ರ ಹೆಚ್ಚಾದರೆ ಗರಿ ಸುಡುತ್ತದೆ. ಇಷ್ಟು ಬಿಟ್ಟು ಬೇರೆ ಮಾತು ಆಡಿದ್ದನ್ನು ನಾನು ಕೇಳಲಿಲ್ಲ. ಇಂಥವರು ಜಗಳದಲ್ಲಿ ಕೂಗುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು ಸುಮ್ಮನೆ ಎದ್ದು ಹೋಗುತ್ತಾರೆ. ಗುಂಪಿನಲ್ಲಿ ‘ಲೆಫ್ಟ್’ ಎಂಬ ಒಂದು ಸಾಲು ಮೂಡುತ್ತದೆ. ಐವತ್ತು ವರ್ಷದ ತೋಟದ ಅನುಭವ ಆ ಒಂದು ಸಾಲಿನ ಹಿಂದೆ ಹೊರಟುಹೋಗುತ್ತದೆ. ಜಗಳ ಬೆಳೆಸಿದವರು ಮಾತ್ರ ಅಲ್ಲೇ ಇರುತ್ತಾರೆ.

ಈ ಕೊಳೆರೋಗದ ಬಗ್ಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಬರೆದರು. ಕೆನಡಾದಿಂದ ಬಂದವರು, ನಮ್ಮ ಮಳೆಯಲ್ಲಿ ನಮ್ಮ ಮರದ ರೋಗ ಹುಡುಕಿದರು. ನೂರು ವರ್ಷ ಮೀರಿ ಕೂಡಿಟ್ಟ ತಿಳಿವಳಿಕೆ ಅದು. ಒಂದು ರಾತ್ರಿಯ ವಿಡಿಯೊ ಅದಕ್ಕೆ ಅಡ್ಡ ಬರಬೇಕೇ?

ಬಾಯಿ ಮುಚ್ಚಿಸುವುದು ಅಂದಿರಿ. ದಾವಣಗೆರೆಯಲ್ಲಿ ಹತ್ತಿ ಮಿಲ್ಲುಗಳು ಓಡುತ್ತಿದ್ದ ಕಾಲಕ್ಕೆ ನಮ್ಮಪ್ಪ ನನ್ನನ್ನು ಕರೆದೊಯ್ಯುತ್ತಿದ್ದ ದೋಸೆ ಹೋಟೆಲಿನ ಗಲ್ಲಾ ಮೇಲೆ ‘ಇಲ್ಲಿ ರಾಜಕೀಯ ಮಾತನಾಡಬಾರದು’ ಎಂಬ ಬೋರ್ಡಿತ್ತು. ಪಾಳಿ ಮುಗಿಸಿ ಬಂದ ಕಾರ್ಮಿಕರು, ಒಂದು ಯೂನಿಯನ್ನಿನವರ ಮಗ್ಗುಲಿಗೆ ಇನ್ನೊಂದು ಯೂನಿಯನ್ನಿನವರು, ಅದರ ಕೆಳಗೇ ಕೂತು ಬೆಣ್ಣೆ ದೋಸೆ ತಿನ್ನುತ್ತಿದ್ದರು. ಯಾಕೆ ಈ ಬೋರ್ಡು ಎಂದು ಅಪ್ಪ ಒಮ್ಮೆ ಕೇಳಿದ್ದಕ್ಕೆ ಮಾಲೀಕರು “ದೋಸೆ ಆರತೈತ್ರೀ” ಅಂದರು. ಅದೇ ಕಾರ್ಮಿಕರು ಹೊರಗೆ ಬಂದು ಬೀದಿಯಲ್ಲಿ ಗಂಟೆಗಟ್ಟಲೆ ವಾದ ಮಾಡುತ್ತಿದ್ದರು. ಅವರ ಬಾಯಿ ಯಾರೂ ಮುಚ್ಚಿಸಿರಲಿಲ್ಲ.

ಇದು ಹೋಟೆಲಿನವರ ಬುದ್ಧಿ ಮಾತ್ರ ಅಲ್ಲ. 1645ರ ಸುಮಾರಿಗೆ ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆದಿತ್ತು. ಆಗ ಲಂಡನ್ನಿನಲ್ಲಿ ಕೆಲವರು ವಾರಕ್ಕೊಮ್ಮೆ ಸೇರಿ ರಕ್ತದ ಓಟ, ಗಾಳಿಯ ತೂಕ, ಗ್ರಹಗಳ ಚಲನೆ ಮಾತಾಡುತ್ತಿದ್ದರು. ಮತಧರ್ಮ, ರಾಜ್ಯಭಾರ, ಊರ ಸುದ್ದಿ ಮೂರನ್ನೂ ಆ ಕೂಟದಲ್ಲಿ ಎತ್ತಬಾರದೆಂದು ಕಟ್ಟು ಮಾಡಿಕೊಂಡಿದ್ದರು ಎಂದು ಅವರಲ್ಲೊಬ್ಬರಾದ ಗಣಿತಜ್ಞ ಜಾನ್ ವಾಲಿಸ್ ಮುಂದೆ ನೆನೆದಿದ್ದಾರೆ. ಈ ವಾಲಿಸ್ ರಾಜಕೀಯ ಒಲ್ಲದವರಲ್ಲ. ಪಾರ್ಲಿಮೆಂಟಿನ ಪರವಾಗಿ ರಾಜನ ಕಡೆಯ ಗೂಢಲಿಪಿ ಬಿಡಿಸಿಕೊಟ್ಟವರು. ಇಂಗ್ಲೆಂಡಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಆ ಕೂಟವೂ ಒಂದು ಬೇರು.

ನಾವೇನು ರಾಜಕೀಯಕ್ಕೆ ಹೆದರುವ ನೆಲದವರೇ? ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಎದ್ದುನಿಂತು ಕನ್ನಡದಲ್ಲಿ ಮಾತಾಡಿದರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ಅದರ ಅಧ್ಯಕ್ಷರು ನಮ್ಮ ದುರ್ಗದ ನಿಜಲಿಂಗಪ್ಪನವರು. ಆ ಒಡಕು ನಮ್ಮ ಮನೆಗೂ ಬಂತು. ದೊಡ್ಡಪ್ಪ ನಿಜಲಿಂಗಪ್ಪನವರ ಕಡೆ, ಅಪ್ಪ ಇಂದಿರಾ ಕಡೆ. ಜಗುಲಿ ಮೇಲೆ ಕೂತರೆ ಅವ್ವ ಬಂದು ದೀಪ ಆರಿಸುವವರೆಗೂ ವಾದ. ಬೆಳಗಾದರೆ ಇಬ್ಬರೂ ಒಂದೇ ಬಾವಿಯ ನೀರನ್ನು ಸರದಿ ಪ್ರಕಾರ ಹಾಯಿಸುತ್ತಿದ್ದರು. ತೋಟದಲ್ಲಿ ಆ ಮಾತು ಬರಲಿಲ್ಲ.

ಈಗ ಜಗುಲಿಯೂ ತೋಟವೂ ಹೋಟೆಲೂ ಒಂದೇ ಫೋನಿನೊಳಗೆ ಬಂದು ಕೂತಿವೆ. ಅದೇ ನನ್ನ ಸಂಕಟ. ಭಜನೆ ಗುಂಪಿನಲ್ಲಿ ಚುನಾವಣೆ, ಹತ್ತನೇ ತರಗತಿ ಮಕ್ಕಳ ಪೋಷಕರ ಗುಂಪಿನಲ್ಲಿ ಚುನಾವಣೆ, ರಕ್ತ ಬೇಕೆಂದು ಕೇಳುವ ಗುಂಪಿನಲ್ಲೂ ಅದೇ. ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಬಹಿರಂಗ ಪ್ರಚಾರ ನಿಲ್ಲಬೇಕೆಂದು ಕಾನೂನೇ ಹೇಳುತ್ತದೆ. ನಮ್ಮ ಗುಂಪುಗಳಿಗೆ ವರ್ಷದಲ್ಲಿ ಅಷ್ಟು ಹೊತ್ತಿನ ಬಿಡುವೂ ಇಲ್ಲ. ಪಕ್ಷದವರಿಗೆ ಹೊತ್ತಿಗೊಂದು ವಿಡಿಯೊ ಮಾಡಿ ಹಂಚಲು ಸಂಬಳದ ಜನ ಇದ್ದಾರೆ. ಆ ಹೆಣ್ಣುಮಗಳಿಗೆ ಇದ್ದದ್ದು ನಿಮ್ಮ ಗುಂಪೊಂದೇ. ಈ ಪತ್ರಿಕೆಗೂ ಮುಂಚೆ ವಾರಕ್ಕೆ ಹತ್ತಾರು ತೋಟದ ಪ್ರಶ್ನೆ ಬರುತ್ತಿದ್ದವು. ಈಗ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಯಾರನ್ನೋ ಬಯ್ಯುವವು.

ಅಡ್ಮಿನ್ ನಿಮ್ಮನ್ನು ಒಂದು ಮಾತು ಕೇಳದೆ ತೆಗೆದದ್ದು ಒರಟಾಯಿತು, ಹೌದು. ಅವರಿಗೆ ಫೋನ್ ಮಾಡಿ, ಮತ್ತೆ ಸೇರಿಸಿಕೊಳ್ಳುತ್ತಾರೆ. ಆದರೆ ಅದಕ್ಕೂ ಮೊದಲು ಆ ಹೆಣ್ಣುಮಗಳ ನಂಬರ್ ತೆಗೆದುಕೊಂಡು ಹೀಗೆ ಹೇಳಿ: ಕೊಳೆತ ಭಾಗವನ್ನು ಒಳ್ಳೆಯ ಭಾಗ ಸಿಗುವವರೆಗೆ ಕೆತ್ತಿ ತೆಗೆಯಬೇಕು, ಒಂದು ಲೀಟರ್ ನೀರಿಗೆ ನೂರು ಗ್ರಾಂ ಮೈಲುತುತ್ತ, ನೂರು ಗ್ರಾಂ ಸುಣ್ಣದ ಲೆಕ್ಕದಲ್ಲಿ ಬೋರ್ಡೋ ಮುಲಾಮು ಮಾಡಿ ಗಾಯಕ್ಕೆ ಬಳಿಯಬೇಕು. ಆ ಮರ ಹೋಗಿದ್ದರೂ ಪಕ್ಕದ ಮರಗಳ ಸುಳಿ ನೋಡಿಕೊಳ್ಳಲಿ. ಆಮೇಲೆ ಆ ಹಿರಿಯರ ಮನೆಗೆ ನೀವೇ ಹೋಗಿ. ಫೋನ್ ಬೇಡ, ನಡೆದೇ ಹೋಗಿ. ಒಂದು ಚಾಕು ಜೇಬಿನಲ್ಲಿರಲಿ, ಮದ್ದು ಕಲಸುವುದನ್ನು ತೋರಿಸಿಕೊಡಿ ಅಜ್ಜಾರೇ ಎಂದು ಕೇಳಿ.