ಸಂಪಾದಕರ ಉತ್ತರ: ಸೊನ್ನೆ ಬರೆದ ಏಳು ರಾತ್ರಿಗಳು

ಆತ್ಮೀಯ ಓದುಗರೇ,

ನೊಂದುಕೊಂಡು ಬರೆದಿದ್ದೀರಿ. ದೂರದ ದ್ವೀಪದ ಕಡಲಾಮೆ ಸಂಶೋಧನಾ ಶಿಬಿರದಲ್ಲಿ ಎರಡು ವಾರ ಸ್ವಯಂಸೇವಕರಾಗಿದ್ದಿರಿ. ಒಂಬತ್ತು ರಾತ್ರಿಯ ಗಸ್ತಿನಲ್ಲಿ ಏಳು ರಾತ್ರಿ ಒಂದು ಆಮೆಯೂ ಕಾಣಲಿಲ್ಲ, ಮರಿಗಳನ್ನು ಮುಟ್ಟಲು ಬಿಡಲಿಲ್ಲ, ಬೆಳಗಾದರೆ ಮರಳಿನ ಉಷ್ಣಾಂಶ ಬರೆಯುವುದೇ ಕೆಲಸ. ‘ನನ್ನಿಂದ ಆಮೆಗಳಿಗೇನು ಉಪಕಾರವಾಯಿತು?’ ಎಂದು ಕೇಳಿದ್ದೀರಿ.

ಆ ಏಳು ರಾತ್ರಿ ನೀವು ಬರೆದ ಸೊನ್ನೆಗಳಿಂದಲೇ ಉಪಕಾರವಾಗಿದೆ. ಹೆಣ್ಣು ಹಸಿರು ಕಡಲಾಮೆ ಪ್ರತಿವರ್ಷ ದಂಡೆ ಹತ್ತುವುದಿಲ್ಲ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ. ಬಂದ ವರ್ಷ ಸುಮಾರು ಎರಡು ವಾರದ ಅಂತರದಲ್ಲಿ ಹಲವು ಸಲ ಮೊಟ್ಟೆಯಿಡುತ್ತದೆ. ಹಾಗಾಗಿ ಒಂದು ವರ್ಷದ ಜಾತ್ರೆಯನ್ನೋ ಬರವನ್ನೋ ನೋಡಿ ಸಂತತಿ ಬೆಳೆಯುತ್ತಿದೆಯೋ ಕುಸಿಯುತ್ತಿದೆಯೋ ಹೇಳಲಾಗದು. ದಶಕಗಳ ಲೆಕ್ಕ ಬೇಕು. ಸೊನ್ನೆ ಬರೆಯದೆ ದಾಖಲೆಯ ಸಾಲನ್ನು ಖಾಲಿ ಬಿಟ್ಟರೆ, ಆ ರಾತ್ರಿ ಆಮೆ ಬರಲಿಲ್ಲವೋ ಎಣಿಸುವವರೇ ಬರಲಿಲ್ಲವೋ ಎಂಬುದು ಮುಂದೆ ಯಾರಿಗೂ ತಿಳಿಯದು. ಕೋಸ್ಟಾ ರಿಕಾದ ಟೋರ್ಟುಗೇರೊ ದಂಡೆಯಲ್ಲಿ 1950ರ ದಶಕದಲ್ಲಿ ಅಮೆರಿಕದ ಪ್ರಾಣಿವಿಜ್ಞಾನಿ ಆರ್ಚಿ ಕಾರ್ ಆಮೆಗಳಿಗೆ ಲೋಹದ ಗುರುತುಬಿಲ್ಲೆ ತೊಡಿಸತೊಡಗಿದರು. ಆ ಕೆಲಸ ಇಂದಿಗೂ ನಿಂತಿಲ್ಲ.

ಉಷ್ಣಾಂಶದ ಅಂಕಿಯನ್ನಂತೂ ಹಗುರವಾಗಿ ಎಣಿಸಬೇಡಿ. ಮರಿ ಗಂಡೋ ಹೆಣ್ಣೋ ಎಂಬುದನ್ನು ಗೂಡಿನ ಬಿಸಿಯೇ ನಿರ್ಧರಿಸುತ್ತದೆ. ಮರಳು ಸುಮಾರು 29 ಡಿಗ್ರಿ ಸೆಲ್ಸಿಯಸ್ ದಾಟಿದಂತೆಲ್ಲ ಹೆಣ್ಣುಗಳೇ ಹೆಚ್ಚುತ್ತವೆ. ಆಸ್ಟ್ರೇಲಿಯಾದ ಹವಳದ ದಿಬ್ಬಗಳ ಸಾಲಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರದ ದಂಡೆಗಳಲ್ಲಿ ಹುಟ್ಟಿದ ಎಳೆಯ ಹಸಿರು ಆಮೆಗಳಲ್ಲಿ ನೂರಕ್ಕೆ 99 ಹೆಣ್ಣು ಎಂದು 2018ರ ಅಧ್ಯಯನವೊಂದು ತೋರಿಸಿದಾಗ ನನಗೆ ನಿಜಕ್ಕೂ ಭಯವಾಗಿತ್ತು.

ಮುಟ್ಟಗೊಡದ ಶಿಬಿರವೇ ಒಳ್ಳೆಯ ಶಿಬಿರ. ಮೊಟ್ಟೆಯಿಟ್ಟ ಕೆಲವೇ ಗಂಟೆಗಳಲ್ಲಿ ಭ್ರೂಣ ಒಳಪೊರೆಯ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಉರುಳಿದರೆ ಅದು ಸಾಯಬಹುದು. ಹೊರಬಂದ ಮರಿ ಬೆಳಕಿರುವ ದಿಗಂತದತ್ತ ಹೊರಡುತ್ತದೆ; ನಮ್ಮ ಟಾರ್ಚ್ ಅದನ್ನು ಕಡಲಿನಿಂದ ದೂರಕ್ಕೆ ಕರೆದೊಯ್ಯಬಲ್ಲದು. ಮರಿಯನ್ನು ಅಂಗೈಯಲ್ಲಿಟ್ಟು ಫೋಟೊ ತೆಗೆಸಿಕೊಡುತ್ತೇವೆ ಎನ್ನುವವರ ಬಳಿಗೆ ದಯವಿಟ್ಟು ಹೋಗಬೇಡಿ.

ನಿಮ್ಮ ಒಂದು ದೂರು ಮಾತ್ರ ನ್ಯಾಯವಾದದ್ದು: ಬರೆದ ಅಂಕಿಗಳು ಎಲ್ಲಿಗೆ ಹೋಗುತ್ತವೆ ಎಂದು ನಿಮಗೆ ಯಾರೂ ಹೇಳಲಿಲ್ಲ. ಹಣ ಕೊಟ್ಟು, ನಿದ್ದೆಗೆಟ್ಟು ದುಡಿದವರಿಗೆ ಅದನ್ನು ಮೊದಲ ದಿನವೇ ತಿಳಿಸಬೇಕಿತ್ತು. ಈಗಲೂ ತಡವಾಗಿಲ್ಲ. ಋತು ಮುಗಿದ ಮೇಲೆ ವರದಿ ಕಳುಹಿಸುವಂತೆ ಶಿಬಿರಕ್ಕೆ ಬರೆಯಿರಿ. ಮತ್ತೆ ಹೋಗುವುದಾದರೆ ಒಂದು ತಿಂಗಳಾದರೂ ನಿಲ್ಲಿ. ಎರಡು ವಾರದಲ್ಲಿ ಕತ್ತಲಿಗೆ ಕಣ್ಣು ಹೊಂದಿಕೊಂಡು, ಜಾಡು ಗುರುತಿಸಲು ಕಲಿಯುವಷ್ಟರಲ್ಲೇ ಹೊರಡುವ ದಿನ ಬಂದಿರುತ್ತದೆ.

— ಸಂಪಾದಕ