ಕಾರ್ವೆಟ್‌ನ ಸೋಲಿನಿಂದಲೇ ಶುರು ಮಾಡಿ

ನಮಸ್ಕಾರ.

ನೀವು ಕಳಿಸಿದ ‘ಅಮೆರಿಕದ ಕನಸಿನ ಕಾರು’ ಲೇಖನ ಓದಿದೆ. ಷೆವರ್ಲೆ ಕಂಪನಿಯ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಕಾರ್ವೆಟ್ 1953ರಿಂದ ಇವತ್ತಿನವರೆಗೆ ಹೇಗೆ ಬೆಳೆದು ಬಂತು, ಜನ ಅದನ್ನು ಇನ್ನೂ ಯಾಕೆ ಇಷ್ಟಪಡುತ್ತಾರೆ ಅಂತ ಬರೆದಿದ್ದೀರಿ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಬರೆದರೆ ಖಂಡಿತ ತೆಗೆದುಕೊಳ್ಳುತ್ತೇನೆ. ಈ ಕಾರಿನ ಮೇಲೆ ನಿಮಗೆ ನಿಜವಾದ ಪ್ರೀತಿ ಇದೆ, ಅದು ಪ್ರತಿ ಪುಟದಲ್ಲೂ ಕಾಣುತ್ತದೆ. ಆದರೆ ಆ ಪ್ರೀತಿಯೇ ಅಲ್ಲಲ್ಲಿ ಕಥೆಗೆ ಅಡ್ಡ ಬಂದಿದೆ.

‘ಬಂದ ದಿನದಿಂದಲೇ ಗೆದ್ದ ಕಾರು’ ಅಂತ ಶುರು ಮಾಡಿದ್ದೀರಿ. ಅದು ನಿಜವಲ್ಲ. 1953ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ವಿನ್ಯಾಸಕಾರ ಹಾರ್ಲಿ ಅರ್ಲ್ ಅವರ ಈ ಕಾರನ್ನು ಪ್ರದರ್ಶನಕ್ಕಿಟ್ಟಾಗ ಜನ ಮೆಚ್ಚಿದರು, ಸರಿ. ಕೊಳ್ಳುವಾಗ ಮಾತ್ರ ಹಿಂದೆ ಸರಿದರು. ಫ್ಲಿಂಟ್ ಊರಿನಲ್ಲಿ ಆ ವರ್ಷ ಕೈಯಲ್ಲೇ ಜೋಡಿಸಿದ್ದು 300 ಕಾರು. ಎಲ್ಲವೂ ಬಿಳಿ, ಒಳಗೆ ಕೆಂಪು. ನೋಡಲು ರೇಸ್ ಕಾರಿನ ಹಾಗಿತ್ತು, ಒಳಗಿದ್ದದ್ದು 150 ಅಶ್ವಶಕ್ತಿಯ ಆರು ಸಿಲಿಂಡರಿನ ಇಂಜಿನ್, ಎರಡೇ ಗೇರಿನ ಆಟೊಮ್ಯಾಟಿಕ್. ಬಾಗಿಲಿಗೆ ಹೊರಗಡೆ ಹಿಡಿಕೆ ಇರಲಿಲ್ಲ. ಇಳಿಸಿ ಏರಿಸುವ ಗಾಜೂ ಇರಲಿಲ್ಲ, ಮಳೆ ಬಂದರೆ ಪಕ್ಕಕ್ಕೆ ಪರದೆ ಸಿಕ್ಕಿಸಿಕೊಳ್ಳಬೇಕಿತ್ತು. 1954ರಲ್ಲಿ 3,640 ಕಾರು ಮಾಡಿದರು. ವರ್ಷ ಮುಗಿದರೂ ಸಾವಿರಕ್ಕೂ ಜಾಸ್ತಿ ಕಾರು ಮಾರಾಟವಾಗದೆ ನಿಂತಿದ್ದವು. 1955ರಲ್ಲಿ ತಯಾರಾದದ್ದು ಬರೀ 700. ಅದೇ ವರ್ಷ ಫೋರ್ಡ್ ತನ್ನ ಎರಡು ಸೀಟಿನ ಥಂಡರ್‌ಬರ್ಡ್ ಅನ್ನು 16 ಸಾವಿರಕ್ಕೂ ಹೆಚ್ಚು ಮಾರಿತು. ಎದುರಾಳಿ ಹೀಗೆ ಗೆಲ್ಲುತ್ತಿರುವಾಗ ಕಣದಿಂದ ಹಿಂದೆ ಸರಿಯುವುದು ಷೆವರ್ಲೆಯ ಒಡೆಯ ಕಂಪನಿ ಜನರಲ್ ಮೋಟರ್ಸ್‌ಗೆ ಕಷ್ಟವಾಯಿತು. ಕಾರ್ವೆಟ್ ಬದುಕಿದ್ದಕ್ಕೆ ಅದೂ ಒಂದು ಕಾರಣ. ನಿಮ್ಮ ಲೇಖನ ಇಲ್ಲಿಂದ ಶುರುವಾಗಬೇಕು. ಮೂರೇ ವರ್ಷಕ್ಕೆ ಮುಚ್ಚಿಹೋಗಬಹುದಾಗಿದ್ದ ಕಾರಿದು ಅಂತ ಗೊತ್ತಾದರೆ ಓದುಗ ಮುಂದಿನ ಪುಟ ತಿರುಗಿಸುತ್ತಾನೆ.

ಜೋರಾ ಅರ್ಕಸ್-ಡುಂಟೋವ್ ಈ ಕಾರನ್ನು ‘ಹುಟ್ಟುಹಾಕಿದರು’ ಅಂದಿದ್ದೀರಿ. ಅವರು ಅದೇ ಪ್ರದರ್ಶನಕ್ಕೆ ನೋಡಲು ಬಂದವರು. ರೂಪ ಇಷ್ಟವಾಯಿತು, ಒಳಗಿನ ಯಂತ್ರ ಇಷ್ಟವಾಗಲಿಲ್ಲ. ಷೆವರ್ಲೆಗೆ ಪತ್ರ ಬರೆದರು, ಅದೇ ವರ್ಷ ಕೆಲಸಕ್ಕೂ ಸೇರಿದರು. 1955ಕ್ಕೆ ಎಂಟು ಸಿಲಿಂಡರಿನ ವಿ8 ಇಂಜಿನ್ ಬಂತು, 1957ಕ್ಕೆ ಇಂಧನವನ್ನು ಸಿಂಪಡಿಸಿ ಕೊಡುವ ಫ್ಯೂಯೆಲ್ ಇಂಜೆಕ್ಷನ್ ಬಂತು. ಕಾರಿಗೆ ರೂಪಕ್ಕೆ ತಕ್ಕ ವೇಗ ಬಂದದ್ದು ಆಮೇಲೆಯೇ. ಬೆಲ್ಜಿಯಂನಲ್ಲಿ ಹುಟ್ಟಿದ, ರಷ್ಯನ್ ಮನೆತನದ ಒಬ್ಬ ಇಂಜಿನಿಯರ್ ಅಮೆರಿಕದ ಹೆಮ್ಮೆಯ ಕಾರನ್ನು ಉಳಿಸಿದರು ಅಂದರೆ ಸಣ್ಣ ವಿಷಯವಲ್ಲ. ಅವರಿಗೆ ನೀವು ಕೊಟ್ಟಿರುವುದು ಒಂದೂವರೆ ಸಾಲು. ಗಗನಯಾತ್ರಿಗಳಿಗೆ ಮೂರು ಪ್ಯಾರಾ! ಅವರಿಗೆ ಕಾರು ‘ಉಡುಗೊರೆ’ಯಾಗಿ ಸಿಕ್ಕಿತು ಅಂತಲೂ ಬರೆದಿದ್ದೀರಿ. ಫ್ಲೋರಿಡಾದ ಡೀಲರ್ ಜಿಮ್ ರಾತ್‌ಮನ್ ಅವರ ಏರ್ಪಾಡಿನಲ್ಲಿ ಅವು ಸಿಗುತ್ತಿದ್ದದ್ದು ವರ್ಷಕ್ಕೆ ಒಂದು ಡಾಲರ್ ಬಾಡಿಗೆಗೆ. ಅಪೊಲೊ 12ರ ಮೂವರ ಒಂದೇ ಥರದ ಚಿನ್ನದ ಬಣ್ಣದ ಕಾರುಗಳ ಮಾತೊಂದು ಇರಲಿ, ಉಳಿದದ್ದು ಬೇಡ.

1963ರ ಕಾರ್ವೆಟ್ ಮಾದರಿ ಸ್ಟಿಂಗ್ ರೇ ಬಗ್ಗೆ ನೀವು ಬರೆದದ್ದು ನನಗೆ ತುಂಬಾ ಇಷ್ಟವಾಯಿತು. ಆದರೆ ಬೇಗ ಮುಗಿಸಿಬಿಟ್ಟಿರಿ. ಹಿಂದಿನ ಗಾಜನ್ನು ನಡುವೆ ಸೀಳಿಕೊಂಡು ಹೋಗುವ ಆ ಪಟ್ಟಿ ವಿನ್ಯಾಸದ ಮುಖ್ಯಸ್ಥ ಬಿಲ್ ಮಿಚೆಲ್‌ಗೆ ಬೇಕೇ ಬೇಕಿತ್ತು. ಹಿಂದಿನದು ಸರಿಯಾಗಿ ಕಾಣುವುದಿಲ್ಲ ಅಂತ ಡುಂಟೋವ್ ವಿರೋಧಿಸಿದರು. ಒಂದು ವರ್ಷ ಮಿಚೆಲ್ ಗೆದ್ದರು, 1964ಕ್ಕೆ ಪಟ್ಟಿ ಹೋಯಿತು. ಆಗ ಕೆಲವು ಮಾಲೀಕರು ತಮ್ಮ 1963ರ ಕಾರಿನ ಪಟ್ಟಿಯನ್ನೇ ಕತ್ತರಿಸಿ ಹೊಸ ಗಾಜು ಕೂರಿಸಿಕೊಂಡರು. ಇವತ್ತು ಸಂಗ್ರಹಕಾರರು ಹುಡುಕುವುದು ಪಟ್ಟಿ ಉಳಿದ ಕಾರನ್ನೇ. ಚಂದವೋ ಅನುಕೂಲವೋ ಅನ್ನುವ ಜಗಳ ಕಾರ್ವೆಟ್‌ನ ಇತಿಹಾಸದುದ್ದಕ್ಕೂ ಇದೆ, ಇಲ್ಲಿ ಅದು ಕಣ್ಣಿಗೇ ಕಾಣುತ್ತದೆ. ಇದಕ್ಕೊಂದು ಪೂರ್ತಿ ಪುಟ ಕೊಡಿ.

ವರ್ಷವಾರು ಅಶ್ವಶಕ್ತಿಯ ಅಂಕಿಗಳ ಪಟ್ಟಿ ತೆಗೆದುಬಿಡಿ. 1970ರ ಅಂಕಿಯ ಪಕ್ಕದಲ್ಲೇ 1975ರ 165 ಇಟ್ಟು ‘ದಿಢೀರ್ ಕುಸಿತ’ ಅಂದಿದ್ದೀರಿ. ಮಾಲಿನ್ಯದ ನಿಯಮಗಳಿಂದ ಶಕ್ತಿ ಇಳಿದದ್ದು ಹೌದು. ಆದರೆ 1972ರ ಹೊತ್ತಿಗೆ ಅಳೆಯುವ ವಿಧಾನವೇ ಬದಲಾಗಿತ್ತು. ಮೊದಲು ಬರೀ ಇಂಜಿನ್ ಇಟ್ಟು ಅಳೆಯುತ್ತಿದ್ದರು, ಆಮೇಲೆ ಸೈಲೆನ್ಸರ್, ಫ್ಯಾನ್ ಎಲ್ಲ ಜೋಡಿಸಿ ಅಳೆದರು. ಇದನ್ನು ಹೇಳದೆ ಹೋಲಿಸಿದರೆ ಓದುಗರಿಗೆ ತಪ್ಪು ತಿಳಿವಳಿಕೆ ಕೊಟ್ಟ ಹಾಗೆ. ‘ಫೈಬರ್‌ಗ್ಲಾಸ್ ಆದ್ದರಿಂದ ತುಕ್ಕಿನ ಭಯವೇ ಇಲ್ಲ’ ಅನ್ನುವುದೂ ಅರ್ಧ ಸತ್ಯ. ಹೊರಮೈಗೆ ತುಕ್ಕಿಲ್ಲ, ಅಡಿಯ ಉಕ್ಕಿನ ಚೌಕಟ್ಟಿಗೆ ಇದೆ. ಹಳೆಯ ಕಾರ್ವೆಟ್ ಕೊಳ್ಳುವವರು ಮೊದಲು ನೋಡುವುದೇ ಅದನ್ನು.

ಇನ್ನು ಮುಖ್ಯವಾದ ಪ್ರಶ್ನೆ, ಜನ ಇನ್ನೂ ಯಾಕೆ ಇಷ್ಟಪಡುತ್ತಾರೆ? ನೀವು ‘ಮಾಯೆ’, ‘ಮೋಡಿ’, ‘ದಂತಕಥೆ’ ಅಂದಿರಿ. ಇವುಗಳಿಂದ ಏನೂ ತಿಳಿಯುವುದಿಲ್ಲ. ಒಂದು ಅಂಕಿ ನೋಡಿ. 1979ರಲ್ಲಿ 53,807 ಕಾರ್ವೆಟ್ ತಯಾರಾದವು, ಒಂದು ವರ್ಷದಲ್ಲಿ ಅಷ್ಟು ಇನ್ನೆಂದೂ ಆಗಿಲ್ಲ. ಆ ವರ್ಷದ ಸಾಮಾನ್ಯ ಇಂಜಿನ್ 195 ಅಶ್ವಶಕ್ತಿಯದ್ದು. ಅಂದರೆ ಜನ ಬರೀ ವೇಗ ನೋಡಿ ಕೊಳ್ಳುತ್ತಿರಲಿಲ್ಲ, ಅಲ್ವಾ? ನನಗೆ ಕಾಣುವ ಕಾರಣ ಇದು. ಮನೆಮಂದಿ ಓಡಾಡುವ ಸಾಧಾರಣ ಕಾರನ್ನು ಮಾರುವ ಷೆವರ್ಲೆ ಅಂಗಡಿಯಲ್ಲೇ ಇದೂ ಸಿಗುತ್ತಿತ್ತು. ಅದರ ‘ಸ್ಮಾಲ್ ಬ್ಲಾಕ್’ ಅನ್ನುವ, ಗಾತ್ರದಲ್ಲಿ ಚಿಕ್ಕ ವಿ8 ಜಾತಿಯ ಇಂಜಿನ್‌ಗಳೇ ಕುಟುಂಬದ ಕಾರಿನಲ್ಲೂ ಪಿಕಪ್ ಟ್ರಕ್ಕಿನಲ್ಲೂ ಇದ್ದವು. ಸಣ್ಣ ಊರಿನ ಮೆಕ್ಯಾನಿಕ್‌ಗೂ ಅದು ಗೊತ್ತು, ಪಾರ್ಟ್ಸ್ ಎಲ್ಲ ಕಡೆ ಸಿಗುತ್ತವೆ. ಸಂಬಳದ ಮನುಷ್ಯ ಹಳೆಯದೊಂದನ್ನು ಕೊಂಡು, ಭಾನುವಾರ ಬಾನೆಟ್ ತೆಗೆದು ತಾನೇ ರಿಪೇರಿ ಮಾಡಿಕೊಳ್ಳಬಹುದು. ‘ಸಿರಿವಂತರ ಆಟಿಕೆ’ ಅನ್ನುವ ನಿಮ್ಮ ಮಾತು ಇದಕ್ಕೆ ತೀರಾ ಉಲ್ಟಾ. ಅದನ್ನು ಹೊಡೆದು ಹಾಕಿ.

ಕಾರ್ವೆಟ್ ಮ್ಯೂಸಿಯಂನ ನೆಲ ಕುಸಿದು ಎಂಟು ಕಾರು ಹಳ್ಳಕ್ಕೆ ಬಿದ್ದ 2014ರ ಘಟನೆ ಎರಡು ಸಾಲಲ್ಲಿ ಸಾಕು. 2020ರ ಮಾದರಿಯಲ್ಲಿ ಇಂಜಿನ್ ಚಾಲಕನ ಬೆನ್ನ ಹಿಂದೆ ಹೋದದ್ದನ್ನು ‘ಹೊಸ ಯೋಚನೆ’ ಅಂದಿದ್ದೀರಿ. ಡುಂಟೋವ್ 1960ರಷ್ಟು ಹಿಂದೆಯೇ ಅಂಥ ಪ್ರಯೋಗದ ಕಾರು ಕಟ್ಟಿ, ನಿವೃತ್ತಿಯವರೆಗೂ ಅದಕ್ಕಾಗಿ ಒತ್ತಾಯಿಸಿದವರು. 1996ರಲ್ಲಿ ತೀರಿಕೊಂಡರು, ನೋಡಲಿಲ್ಲ. ಇದನ್ನು ಸೇರಿಸಿ.

ಇಂಜಿನ್ ಅಳತೆಯನ್ನು ಕ್ಯೂಬಿಕ್ ಇಂಚಿನಲ್ಲಿ ಕೊಡಬೇಡಿ. ನಮ್ಮವರಿಗೆ ಸಿಸಿ ಬೇಗ ಅರ್ಥವಾಗುತ್ತದೆ. ಮೊದಲ ಇಂಜಿನ್ ಸುಮಾರು 3,850 ಸಿಸಿ, 1955ರ ವಿ8 ಸುಮಾರು 4,340. ಸಾವಿರದ ಇನ್ನೂರು ಪದ ದಾಟದಂತೆ ಬರೆದು ಕಳಿಸಿ, ನಾನೇ ಓದುತ್ತೇನೆ.