ಸಂಪಾದಕರ ಉತ್ತರ: ಎಲ್ಲಿ ಕೂತು ಕಾಯಬೇಕು?

ಯಾದಗಿರಿಯ ನಿವೃತ್ತ ಶಿಕ್ಷಕರೊಬ್ಬರ ಪತ್ರ: "ಆಶ್ರಯ ಕೇಳಿ ಬಂದವರನ್ನು ಬೇರೆ ದೇಶಕ್ಕೆ ಕಳಿಸುವ ಕಾನೂನು ಯುರೋಪಿನಲ್ಲಿ ಬರುತ್ತಿರುವುದನ್ನು ನೀವು ಕ್ರೂರ ಅಂತ ಬರೆದಿರಿ. ಅರ್ಜಿ ಹಾಕಿದವನು ಎಲ್ಲಿ ಕೂತು ಕಾದರೇನು? ಊಟ, ಸೂರು ಸಿಕ್ಕರೆ ಸಾಲದೇ? ಎಲ್ಲರನ್ನೂ ಮೊದಲು ಒಳಗೆ ಬಿಟ್ಟು ಆಮೇಲೆ ವಿಚಾರಿಸಬೇಕೇ?"

ಮಾಸ್ತರರೇ, ನಮಸ್ಕಾರ. ಇಷ್ಟು ನೇರವಾಗಿ ಕೇಳುವ ಓದುಗರು ಕಡಿಮೆ. ದೇಶಕ್ಕೆ ಗಡಿ ಬೇಕು, ಒಳಗೆ ಯಾರು ಬರಬೇಕು ಅಂತ ತೀರ್ಮಾನಿಸುವ ಹಕ್ಕೂ ಅದಕ್ಕಿದೆ. ದುಡ್ಡು ತಗೊಂಡು ಜನರನ್ನು ಹರಕು ದೋಣಿಗೆ ತುಂಬುವ ದಲ್ಲಾಳಿಗಳನ್ನು ತಡೆಯಲೇಬೇಕು. ಇಷ್ಟಕ್ಕೆ ನಾನು ಒಪ್ಪುತ್ತೇನೆ. ಆದರೆ "ಎಲ್ಲಿ ಕೂತರೇನು" ಅನ್ನುವ ಮಾತು ನಮ್ಮ ಭಾಗದವರ ಬಾಯಲ್ಲಿ ಬರಬಾರದಿತ್ತು.

ನೀವು ಪಾಠ ಮಾಡುತ್ತಿದ್ದ ಕಾಲದಲ್ಲಿ ನಮಗೆ ಹೈಕೋರ್ಟ್ ಎಲ್ಲಿತ್ತು? ಬೆಂಗಳೂರಲ್ಲಿ. ಜಮೀನಿನ ಕೇಸು ಇದ್ದ ರೈತ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯಲ್ಲಿ ರಾತ್ರಿಯಿಡೀ ನಿಂತು ಹೋಗಬೇಕಿತ್ತು. ಅಲ್ಲಿ ಹೋದರೆ ತಾರೀಖು ಮುಂದಕ್ಕೆ. ವಕೀಲರಿಗೆ ಹೇಳಬೇಕಾದ್ದು ಅರ್ಧ ಮರೆತಿರುತ್ತಿತ್ತು, ಬೇಕಾದ ಪಹಣಿ ಊರಲ್ಲೇ ಉಳಿದಿರುತ್ತಿತ್ತು. ಆಳಂದ ಕಡೆಯ ನನ್ನ ಪರಿಚಯದ ಹಿರಿಯರೊಬ್ಬರು ಅಪೀಲನ್ನೇ ಕೈಬಿಟ್ಟರು. ನ್ಯಾಯ ಅವರ ಕಡೆಗೇ ಇತ್ತು, ಓಡಾಡುವ ಶಕ್ತಿ ಇರಲಿಲ್ಲ. ನಮ್ಮ ವಕೀಲರು ವರ್ಷಗಟ್ಟಲೆ ಹೋರಾಡಿದ ಮೇಲೆ 2008ರಲ್ಲಿ ಕಲಬುರಗಿಗೆ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಆಗ ನಾವೆಲ್ಲ ಹೇಳಿದ್ದು ಒಂದೇ ಮಾತು: ದೂರ ಇರುವವನ ಮಾತು ಕೋರ್ಟಿಗೆ ಕೇಳಿಸುವುದಿಲ್ಲ. ಸಿರಿಯಾದಿಂದ ಬಂದವನಿಗೆ ಈ ಮಾತು ಯಾಕೆ ಅನ್ವಯಿಸಬಾರದು?

ಅಮೆರಿಕದಲ್ಲಿ ಏನಾಯಿತು ನೋಡಿ. 2019ರ ಜನವರಿಯಿಂದ ಅಲ್ಲಿನ ಸರ್ಕಾರ ಗಡಿಯಲ್ಲಿ ಆಶ್ರಯ ಕೇಳಿದ ಸುಮಾರು 70 ಸಾವಿರ ಜನರನ್ನು ಮೆಕ್ಸಿಕೋಕ್ಕೆ ವಾಪಸ್ ಕಳಿಸಿತು. ಕೇಸು ಅಮೆರಿಕದ ಕೋರ್ಟಿನಲ್ಲಿ, ಕಾಯುವುದು ಮೆಕ್ಸಿಕೋದ ಗಡಿ ಊರುಗಳಲ್ಲಿ. ನೀವು ಹೇಳಿದ ಹಾಗೇ, ಅಲ್ವಾ? ಅವರಲ್ಲಿ ಹತ್ತರಲ್ಲಿ ಒಬ್ಬರಿಗೂ ವಕೀಲರು ಸಿಗಲಿಲ್ಲ. ಮಾತಾಮೊರೋಸ್ ಅನ್ನುವ ಮೆಕ್ಸಿಕೋದ ಗಡಿ ಊರಲ್ಲಿ ನದಿ ದಂಡೆಯ ಟೆಂಟುಗಳಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕೂತರು. ಅಪಹರಣ ಮಾಡುವ ಗ್ಯಾಂಗುಗಳು ಅಲ್ಲೇ ಸುತ್ತುತ್ತಿದ್ದವು. ವಿಚಾರಣೆಯ ದಿನ ಬರಲಾಗದವರ ಕೇಸು ಹೋಯಿತು. ಸೋತವರೆಲ್ಲ ಸುಳ್ಳು ಹೇಳಿದ್ದರು ಅಂತ ಯಾವ ಮುಖ ಇಟ್ಟುಕೊಂಡು ಹೇಳುವುದು?

ಇನ್ನು ಯುರೋಪಿನ ಪ್ರಸ್ತಾವ. ಯುರೋಪಿಯನ್ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ 2025ರ ಮೇ ತಿಂಗಳಲ್ಲಿ ಅದನ್ನು ಮುಂದಿಟ್ಟಿತು. ಅದು ಬರೀ ಕಾಯುವ ಜಾಗದ ಮಾತಲ್ಲ. ಅರ್ಜಿದಾರನಿಗೆ ಯಾವ ಸಂಬಂಧವೂ ಇಲ್ಲದ ಮೂರನೇ ದೇಶಕ್ಕೆ, ಅದು ಸುರಕ್ಷಿತ ಅಂತ ಹೇಳಿ, ಅವನನ್ನು ಕಳಿಸಬಹುದು ಅನ್ನುತ್ತದೆ. ಅರ್ಜಿ ನೋಡುವವರೂ ಆ ದೇಶದವರೇ.

ಬ್ರಿಟನ್ ಇದನ್ನು ಮೊದಲೇ ಮಾಡಿ ನೋಡಿತ್ತು. 2022ರಲ್ಲಿ ರುವಾಂಡಾ ಜೊತೆ ಒಪ್ಪಂದ ಮಾಡಿಕೊಂಡಿತು. ಅಲ್ಲಿಗೆ ಹೋದವರನ್ನು ಜೀವಭಯ ಇರುವ ಊರಿಗೇ ಮತ್ತೆ ಅಟ್ಟುವ ಅಪಾಯ ಇದೆ ಅಂತ 2023ರ ನವೆಂಬರಿನಲ್ಲಿ ಅವರದೇ ಸುಪ್ರೀಂ ಕೋರ್ಟ್ ಹೇಳಿತು. ಸರ್ಕಾರ ತಿದ್ದಿಕೊಂಡಿತೇ? ಇಲ್ಲ. ರುವಾಂಡಾ ಸುರಕ್ಷಿತ ಅಂತ ಪಾರ್ಲಿಮೆಂಟಿನಲ್ಲಿ ಕಾನೂನೇ ಮಾಡಿಬಿಟ್ಟಿತು! ಕೊನೆಗೆ 2024ರ ಜುಲೈನಲ್ಲಿ ಬಂದ ಹೊಸ ಸರ್ಕಾರ ಯೋಜನೆ ಕೈಬಿಟ್ಟು ಲೆಕ್ಕ ಕೊಟ್ಟಿತು: ಖರ್ಚು 70 ಕೋಟಿ ಪೌಂಡ್, ಹೋದವರು ನಾಲ್ಕು ಮಂದಿ, ಅದೂ ತಾವಾಗಿಯೇ ಒಪ್ಪಿಕೊಂಡು. ಅಷ್ಟು ದುಡ್ಡಿನಲ್ಲಿ ಅರ್ಜಿ ನೋಡುವ ಅಧಿಕಾರಿಗಳನ್ನು ನೇಮಿಸಿದ್ದರೆ ಎಷ್ಟು ಕೇಸು ಮುಗಿಯುತ್ತಿದ್ದವು? ನನ್ನ ಸಿಟ್ಟು ಇರುವುದು ಇಲ್ಲೇ. ಅರ್ಜಿ ಬೇಗ ನೋಡಿ ಅಂದರೆ ದುಡ್ಡಿಲ್ಲ, ಅರ್ಜಿದಾರನನ್ನು ಕಣ್ಮರೆ ಮಾಡಲು ಬೇಕಾದಷ್ಟಿದೆ. ಆಸ್ಟ್ರೇಲಿಯಾ ಸರ್ಕಾರವೂ ಹೀಗೇ ಆಶ್ರಯ ಕೇಳಿ ಬಂದವರನ್ನು ಹೊರಗೆ ಕಳಿಸಿತ್ತು; ಅವರನ್ನು ಕೂಡಿಟ್ಟ ನೌರು ದ್ವೀಪ ಬರೀ 21 ಚದರ ಕಿಲೋಮೀಟರ್. ಕೆಲವರು ಅಲ್ಲಿ ವರ್ಷಗಟ್ಟಲೆ ಕಳೆದರು, ಮಕ್ಕಳು ಸಮೇತ.

ಮಾಸ್ತರರೇ, ನಮ್ಮ ಜಿಲ್ಲೆಗಳವರೂ ಜೀವ ಹಿಡಿದುಕೊಂಡು ಓಡಿದವರೇ. ನಿಜಾಮನ ಪರ ದಾಳಿ ಮಾಡುತ್ತಿದ್ದ ರಜಾಕಾರರ ಕಾಲದಲ್ಲಿ, ಬೀದರ್ ಜಿಲ್ಲೆಯ ಗೋರಟಾದಂಥ ಊರುಗಳು ರಕ್ತ ಕಂಡಾಗ, ಎಷ್ಟೋ ಮನೆತನಗಳು ರಾತ್ರೋರಾತ್ರಿ ಬಂಡಿ ಕಟ್ಟಿಕೊಂಡು ಸೊಲ್ಲಾಪುರದ ಕಡೆ ಹೋದವು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ವಶಕ್ಕೆ ತಗೊಂಡ ಪೊಲೀಸ್ ಆ್ಯಕ್ಷನ್ ಆದ ಮೇಲೆ ಮುಸ್ಲಿಂ ಮನೆಗಳು ಓಡಿದವು. ಆ ಹಿಂಸೆಯನ್ನು ವಿಚಾರಿಸಲು ಭಾರತ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಆಗ ಅತಿ ಹೆಚ್ಚು ನೊಂದವು ಅಂತ ಹೆಸರಿಸಿದ ನಾಲ್ಕು ಜಿಲ್ಲೆಗಳಲ್ಲಿ ಬೀದರ್, ಗುಲ್ಬರ್ಗಾ ಎರಡೂ ಇವೆ. ನಿಮ್ಮ ಯಾದಗಿರಿ ಆಗ ಗುಲ್ಬರ್ಗಾದೊಳಗೇ ಇತ್ತು. ಓಡಿ ಬಂದವರನ್ನು ಅತ್ತ ಕಡೆಯವರು "ಮೊದಲು ಬೇರೆ ಕಡೆ ಹೋಗಿ ಕೂಡ್ರಿ, ಕಾಗದ ನೋಡಿ ಹೇಳ್ತೀವಿ" ಅಂದಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವು?

ನಮ್ಮ ದೇಶದ ಸ್ಥಿತಿಯೂ ಹೇಳಿಕೊಳ್ಳುವ ಹಾಗಿಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗೇ ಅಂತ ಒಂದು ಕಾನೂನೂ ಇಲ್ಲ. ಟಿಬೆಟಿನವರಿಗೆ ಬೈಲಕುಪ್ಪೆ, ಮುಂಡಗೋಡಿನಲ್ಲಿ ಜಮೀನು ಸಿಕ್ಕಿತು, ಬಹಳ ಒಳ್ಳೆಯದಾಯಿತು. ನಮ್ಮ ಪಕ್ಕದ ಸಿಂಧನೂರಿನ ಕ್ಯಾಂಪುಗಳಲ್ಲಿ ನೆಲೆಸಿದ ಬಂಗಾಳಿಗಳು ಪೌರತ್ವದ ಕಾಗದಕ್ಕೆ ದಶಕಗಟ್ಟಲೆ ಕಾದರು. ಒಬ್ಬರಿಗೆ ಒಂದು ನ್ಯಾಯ, ಇನ್ನೊಬ್ಬರಿಗೆ ಇನ್ನೊಂದು. ಸ್ವಂತ ಪ್ರಜೆಗಳ ಗತಿಯೂ ಅಷ್ಟೇ. ವಿಧವಾ ವೇತನಕ್ಕೆ ಅರ್ಜಿ ಕೊಟ್ಟ ಹೆಣ್ಣುಮಗಳನ್ನು ಕಚೇರಿಯ ವರಾಂಡದಲ್ಲಿ ಕೂರಿಸಿ "ನಾಳೆ ಬಾರವ್ವ" ಅನ್ನುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಅವಳಿಗೆ ಅದರಿಂದ ಒಂದು ದಿನದ ಕೂಲಿ ಹೋಗುತ್ತದೆ. ಸಾಹೇಬರಿಗೆ ಏನೂ ಹೋಗುವುದಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ: ಹೌದು, ಒಳಗೆ ಬಿಟ್ಟೇ ವಿಚಾರಿಸಬೇಕು. ತೀರ್ಪು ಕೊಡುವ ದೇಶದಲ್ಲೇ, ವಕೀಲರು, ದುಭಾಷಿ, ಶಾಲೆ, ದವಾಖಾನೆ ಇರುವ ಊರಲ್ಲೇ ಅವರು ಕಾಯಬೇಕು. ವಿಚಾರಣೆ ಬೇಗ ಮುಗಿಸಿ. ನ್ಯಾಯವಾಗಿ ಕೇಳಿದ ಮೇಲೂ ಕಾರಣ ಸಾಲದು ಅನ್ನಿಸಿದರೆ ವಾಪಸ್ ಕಳಿಸಿ, ನಾನು ಬೇಡ ಅನ್ನುವುದಿಲ್ಲ.

ನಿಮ್ಮ ಶಿಷ್ಯರೊಬ್ಬರು ಕಲಬುರಗಿ ಪೀಠದಲ್ಲಿ ವಕೀಲಿ ಮಾಡುತ್ತಾರೆ ಅಂತ ಹೆಮ್ಮೆಯಿಂದ ಬರೆದಿದ್ದೀರಿ. ಕಕ್ಷಿದಾರನ ಮುಖವನ್ನೇ ನೋಡದೆ, ಅವನ ಮಾತು ಕೇಳದೆ ಎಷ್ಟು ಕೇಸು ಗೆದ್ದಿದ್ದಾರೆ ಅಂತ ಅವರನ್ನು ಕೇಳಿ ನೋಡಿ. ಅವರ ಉತ್ತರ ಏನೇ ಇರಲಿ, ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

ಸಂಪಾದಕ